ವಿಳಾಸವೂ ಹೊಣೆಯೂ

ಸ್ಟಾರ್ಟಪ್ ಕಂಪನಿಯೊಂದು ತನ್ನ ಸರಕನ್ನು ಕೊಳ್ಳಬಹುದಾದ ಅಪರಿಚಿತರಿಗೆ ಬರೆಯುವ ಮೊದಲ ಇಮೇಲನ್ನು ಯಾವ ವಿಳಾಸದಿಂದ ಕಳಿಸಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬರಿಯ ತಾಂತ್ರಿಕ ವಿವರದಂತೆ ಕಾಣುತ್ತದೆ. ಇಂಥ ಪತ್ರಕ್ಕೆ ವ್ಯಾಪಾರದ ಆಡುಮಾತಿನಲ್ಲಿ ಕೋಲ್ಡ್ ಇಮೇಲ್ ಎಂದು ಹೆಸರು. ಬರೆಯುವವರಿಗೂ ಓದುವವರಿಗೂ ನಡುವೆ ಮೊದಲಿನ ಪರಿಚಯವಾಗಲಿ ಕೋರಿಕೆಯಾಗಲಿ ಇಲ್ಲದಿರುವುದೇ ಅದರ ಲಕ್ಷಣ. ಬೆಂಗಳೂರಿನ ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಕುಳಿತು ಅಮೆರಿಕದ ಗ್ರಾಹಕರಿಗೆ ಸಾಫ್ಟ್‌ವೇರ್ ಮಾರುವ ಕಂಪನಿಗಳಿಗೆ, ಕಡಲಾಚೆಯ ಗಿರಾಕಿಯ ಬಾಗಿಲು ತಟ್ಟಲು ಇಷ್ಟು ಅಗ್ಗದ ದಾರಿ ಬೇರೆ ಇಲ್ಲದಿರುವುದರಿಂದ, ಇದು ದಿನನಿತ್ಯದ ಪ್ರಶ್ನೆಯಾಗಿದೆ. ಮಾರಾಟ ವಿಭಾಗಗಳಲ್ಲಿ ಇದಕ್ಕೆ ಈಗ ರೂಢಿಯಾಗಿರುವ ಉತ್ತರ ಒಂದೇ: ಎಲ್ಲಿಂದ ಬೇಕಾದರೂ ಕಳಿಸಿ, ಕಂಪನಿಯ ಸ್ವಂತ ಡೊಮೇನಿನಿಂದ ಮಾತ್ರ ಕಳಿಸಬೇಡಿ. ಈ ಉತ್ತರ ಲೆಕ್ಕಾಚಾರವಾಗಿಯೂ ನಿಲ್ಲುವುದಿಲ್ಲ, ನಡತೆಯಾಗಿಯೂ ಸಲ್ಲುವುದಿಲ್ಲ. ತನ್ನ ಹೆಸರನ್ನು ಪಣಕ್ಕಿಡಲು ಹಿಂಜರಿಯುವಂಥ ಪತ್ರವನ್ನು ಬೇರೆ ಹೆಸರಿನಲ್ಲಿ ಕಳಿಸುವುದಕ್ಕಿಂತ ಕಳಿಸದೆ ಇರುವುದೇ ಬರೆಯುವವರಿಗೂ ಓದುವವರಿಗೂ ಹಿತ ಎಂಬುದು ಈ ಲೇಖನದ ಪ್ರತಿಜ್ಞೆ.

ಪೂರ್ವಪಕ್ಷವನ್ನು ಅದರ ಪ್ರತಿಪಾದಕರು ಹೇಳುವಷ್ಟೇ ಬಲವಾಗಿ ಮೊದಲು ಹೇಳಬೇಕಾದದ್ದು ನ್ಯಾಯ. ಇಮೇಲ್ ವಿಳಾಸದಲ್ಲಿ ‘@’ ಗುರುತಿನ ಬಲಕ್ಕಿರುವ ಭಾಗ ಡೊಮೇನ್. ಅದು ಅಂತರ್ಜಾಲದಲ್ಲಿ ಕಂಪನಿಯ ಮನೆಯ ಹೆಸರು. ಜಿಮೇಲ್, ಔಟ್‌ಲುಕ್, ಯಾಹೂ ಮುಂತಾದ ಸೇವೆಗಳು ಪ್ರತಿಯೊಂದು ಡೊಮೇನಿನ ನಡತೆಯನ್ನು ಗಮನಿಸುತ್ತ, ಅಲ್ಲಿಂದ ಬಂದ ಪತ್ರಗಳನ್ನು ಜನ ತೆರೆದರೇ, ಉತ್ತರಿಸಿದರೇ, ಇಲ್ಲವೇ ಸ್ಪ್ಯಾಮ್ ಎಂದು ದೂರಿದರೇ ಎಂಬುದನ್ನು ಅಳೆದು ಅದಕ್ಕೊಂದು ಮರ್ಯಾದೆಯನ್ನು ಕಟ್ಟುತ್ತವೆ. ಈ ಮರ್ಯಾದೆ ಕುಸಿದರೆ ಕಂಪನಿಯ ಬಿಲ್ಲು, ಪಾಸ್‌ವರ್ಡ್ ಬದಲಿಸುವ ಪತ್ರ, ಒಪ್ಪಂದದ ಕರಡು ಎಲ್ಲವೂ ಸ್ಪ್ಯಾಮ್ ಕಡತಕ್ಕೆ ಬೀಳುತ್ತವೆ. ಆದ್ದರಿಂದ, ಎನ್ನುತ್ತದೆ ಪ್ರಚಲಿತ ಮತ, ಕಂಪನಿಯ ಡೊಮೇನ್ ‘ಹೆಸರು.ಕಾಮ್’ ಆಗಿದ್ದರೆ ‘ಗೆಟ್‌ಹೆಸರು.ಕಾಮ್’, ‘ಟ್ರೈಹೆಸರು.ಕಾಮ್’, ‘ಹೆಸರುಎಚ್‌ಕ್ಯು.ಕಾಮ್’ ಎಂಬ ಹೋಲಿಕೆಯ ಡೊಮೇನುಗಳನ್ನು ಕೊಳ್ಳಬೇಕು. ಒಂದೊಂದರಲ್ಲಿ ಮೂರು ಇನ್‌ಬಾಕ್ಸ್ ತೆರೆದು, ಒಂದೊಂದರಿಂದ ದಿನಕ್ಕೆ 30 ಪತ್ರ ಕಳಿಸಬೇಕು. ಹೀಗೆ ಹತ್ತು ಡೊಮೇನ್ ಇದ್ದರೆ ದಿನಕ್ಕೆ 900 ಪತ್ರಗಳಾಗುತ್ತವೆ, ಒಂದು ಡೊಮೇನ್ ಕೆಟ್ಟರೆ ಎಸೆದು ಇನ್ನೊಂದನ್ನು ಕೊಳ್ಳಬಹುದು. ಡೊಮೇನೊಂದರ ವಾರ್ಷಿಕ ಬೆಲೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿರುವಾಗ ಈ ಏರ್ಪಾಡು ವಿಮೆಯಂತೆ ತೋರುವುದು ಸಹಜ.

ಈ ವಾದದ ಮೊದಲ ದೋಷ, ಅದು ವಿಳಾಸವೆಂದರೇನು ಎಂಬುದನ್ನೇ ಮರೆತಿದೆ. ಇಮೇಲ್ ವಿಳಾಸ ಹುಟ್ಟಿದ್ದೇ ಒಬ್ಬ ಮನುಷ್ಯನನ್ನು ಒಂದು ನೆಲೆಗೆ ಕಟ್ಟುವ ಗುರುತಾಗಿ. 1971ರಲ್ಲಿ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಸಂದೇಶ ಕಳಿಸುವ ವ್ಯವಸ್ಥೆಯನ್ನು ರೂಪಿಸಿದಾಗ ಬಳಕೆದಾರನ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘@’ ಗುರುತನ್ನಿಟ್ಟರು. ಇಂಥವರು, ಇಂಥಲ್ಲಿ ಎಂಬುದು ಅದರ ಅರ್ಥ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಕಂಪನಿಯ ಗ್ಯಾರಿ ಥ್ಯೂರ್ಕ್ ತಮ್ಮ ಕಂಪನಿಯ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಕರೆದು, ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಅವರು ಕೇಳದ ಪತ್ರವೊಂದನ್ನು ಕಳಿಸಿದರು. ಅದನ್ನೇ ಮೊದಲ ಸ್ಪ್ಯಾಮ್ ಎಂದು ಗುರುತಿಸುವುದು ವಾಡಿಕೆ. ಆದರೆ ಆ ಪತ್ರ ಯಾವ ಕಂಪನಿಯದೆಂಬುದು ಎಲ್ಲರಿಗೂ ಕಾಣುವಂತಿತ್ತು, ಹಾಗಾಗಿ ಜಾಲದ ಮೇಲ್ವಿಚಾರಕರ ಆಕ್ಷೇಪ ತಲುಪಬೇಕಾದವರನ್ನು ತಲುಪಿತು. ತಪ್ಪು ಮಾಡಿದವರೂ ತಮ್ಮ ಹೆಸರಿನಲ್ಲೇ ಮಾಡಿದ್ದರಿಂದ ಅದನ್ನು ತಿದ್ದುವ ದಾರಿ ಉಳಿದಿತ್ತು.

1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ಎಂಬ ಇಮೇಲ್ ಸಾಗಣೆಯ ನಿಯಮಾವಳಿಯಲ್ಲಿ, ಕಳಿಸುವವರು ಹೇಳಿಕೊಂಡ ವಿಳಾಸ ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಪರಸ್ಪರ ಗುರುತಿದ್ದವರ ಸಣ್ಣ ಜಾಲಕ್ಕೆ ಅದು ಬೇಕೂ ಇರಲಿಲ್ಲ. ಜಾಲ ಲೋಕವ್ಯಾಪಿಯಾದಾಗ ಆ ಕೊರತೆ ಮೋಸಗಾರರಿಗೆ ಹೆದ್ದಾರಿಯಾಯಿತು. ಅದನ್ನು ಮುಚ್ಚಲು ಮೂರು ಬೇಲಿಗಳನ್ನು ಒಂದರ ಹಿಂದೊಂದರಂತೆ ಹಾಕಲಾಯಿತು: ಈ ಡೊಮೇನಿನ ಪತ್ರಗಳನ್ನು ಯಾವ ಸರ್ವರುಗಳು ಕಳಿಸಬಹುದು ಎಂದು ಸಾರುವ ಎಸ್‌ಪಿಎಫ್, ಪತ್ರ ದಾರಿಯಲ್ಲಿ ಬದಲಾಗಿಲ್ಲವೆಂದು ಡೊಮೇನಿನ ಪರವಾಗಿ ಗೂಢಲಿಪಿಯ ಸಹಿ ಹಾಕುವ ಡಿಕಿಮ್, ಈ ಎರಡರಲ್ಲಿ ಒಂದು ಪರೀಕ್ಷೆಯಾದರೂ ಓದುಗರಿಗೆ ಕಾಣುವ ವಿಳಾಸಕ್ಕೇ ಹೊಂದಬೇಕೆಂದೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದೂ ಹೇಳುವ, 2015ರಲ್ಲಿ ದಾಖಲೆಯಾಗಿ ಪ್ರಕಟವಾದ ಡಿಮಾರ್ಕ್. ಆದರೆ ಈ ಮೂರೂ ಸೇರಿ ಸಾಬೀತು ಮಾಡುವುದು ಪತ್ರ ಇಂಥ ಡೊಮೇನಿನಿಂದಲೇ ಬಂತು ಎಂಬುದನ್ನು ಮಾತ್ರ. ಆ ಡೊಮೇನ್ ಯಾರದು ಎಂಬುದನ್ನು ಅವು ಹೇಳಲಾರವು. ‘ಗೆಟ್‌ಹೆಸರು.ಕಾಮ್’ ಈ ಮೂರೂ ಪರೀಕ್ಷೆಗಳಲ್ಲಿ ಪೂರ್ಣ ಅಂಕ ಪಡೆದು ತೇರ್ಗಡೆಯಾಗಬಲ್ಲದು. ಬೇಲಿ ಹಾಕಿದ ಉದ್ದೇಶ ಹೊಣೆಯನ್ನು ಹೆಸರಿಗೆ ಕಟ್ಟುವುದಾಗಿತ್ತು. ಪ್ರಚಲಿತ ಪದ್ಧತಿ ಬೇಲಿಯನ್ನು ಮುರಿಯದೆಯೇ ಆ ಉದ್ದೇಶವನ್ನು ದಾಟಿಹೋಗುತ್ತದೆ.

ಎರಡನೆಯ ದೋಷ, ಈ ಗುರಾಣಿ ಕಾಯುತ್ತೇನೆ ಎಂದದ್ದನ್ನು ಕಾಯುವುದಿಲ್ಲ. ಪತ್ರವನ್ನು ಶೋಧಿಸುವ ವ್ಯವಸ್ಥೆಗಳು ಕಳಿಸಿದ ವಿಳಾಸವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಪತ್ರದ ಒಡಲಿನಲ್ಲಿರುವ ಕೊಂಡಿಗಳನ್ನೂ ಅವು ತೂಗುತ್ತವೆ. 1998ರಲ್ಲಿ ಆರಂಭವಾದ ಸ್ಪ್ಯಾಮ್‌ಹೌಸ್ ಸಂಸ್ಥೆಯ ಡಿಬಿಎಲ್ ಎಂಬ ಡೊಮೇನುಗಳ ತಡೆಪಟ್ಟಿಯನ್ನು ಪತ್ರದ ಒಳಗೆ ಬರುವ ಡೊಮೇನುಗಳನ್ನು ಪರೀಕ್ಷಿಸಲೂ ಬಳಸಲಾಗುತ್ತದೆ. ಹಾಗಿರುವಾಗ ಹೋಲಿಕೆಯ ಡೊಮೇನಿನಿಂದ ಬರೆಯುವವರು ಉಭಯಸಂಕಟಕ್ಕೆ ಸಿಲುಕುತ್ತಾರೆ. ಸಹಿಯ ಕೆಳಗೆ ಕಂಪನಿಯ ಮೂಲ ಜಾಲತಾಣದ ಕೊಂಡಿಯಿಟ್ಟರೆ, ಯಾವ ಹೆಸರಿಗೆ ಮಸಿ ತಾಗಬಾರದೆಂದು ಇಷ್ಟೆಲ್ಲ ಏರ್ಪಾಡು ನಡೆಯಿತೋ ಅದೇ ಹೆಸರು ಪ್ರತಿ ಪತ್ರದಲ್ಲೂ ದೂರಿಗೆ ಒಡ್ಡಿಕೊಳ್ಳುತ್ತದೆ. ಕೊಂಡಿ ಇಡದಿದ್ದರೆ, ಬರೆದವರು ಯಾರೆಂದು ಪರೀಕ್ಷಿಸುವ ದಾರಿಯನ್ನು ಓದುಗರಿಂದ ಕಿತ್ತುಕೊಂಡಂತಾಗುತ್ತದೆ. ಹೋಲಿಕೆಯ ಡೊಮೇನನ್ನೇ ಮೂಲ ತಾಣಕ್ಕೆ ತಿರುಗಿಸಿಡುವುದು ಪ್ರತಿಪಾದಕರ ಮೂರನೆಯ ಸಲಹೆ. ಆದರೆ ಓದುಗರು ಹಿಂಬಾಲಿಸಬಹುದಾದ ದಾರಿಯನ್ನು ಯಂತ್ರ ಇನ್ನೂ ಬೇಗ ಹಿಂಬಾಲಿಸುತ್ತದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಭರವಸೆಗೂ ಈ ಭರವಸೆಗೂ ಹೆಚ್ಚಿನ ಅಂತರವಿಲ್ಲ.

ಮೂರನೆಯ ದೋಷ ಇನ್ನೂ ಗಂಭೀರವಾದದ್ದು. ನಿನ್ನೆ ನೋಂದಾಯಿಸಿದ ಡೊಮೇನನ್ನು ಯಾವ ಶೋಧಕವೂ ನಂಬುವುದಿಲ್ಲ. ಹೊಸದಾಗಿ ಕಾಣಿಸಿಕೊಂಡ ಡೊಮೇನುಗಳನ್ನು ಮೊದಲ 24 ಗಂಟೆ ಶಂಕೆಯಲ್ಲಿಡಲೆಂದೇ ಸ್ಪ್ಯಾಮ್‌ಹೌಸ್ ಪ್ರತ್ಯೇಕ ಪಟ್ಟಿಯೊಂದನ್ನು ನಡೆಸುತ್ತದೆ. ಈ ಅಪನಂಬಿಕೆಯನ್ನು ದಾಟಲು ಹುಟ್ಟಿಕೊಂಡದ್ದು ವಾರ್ಮಪ್ ಎಂಬ ಉಪಾಯ. ಅದರ ಕೆಲಸದ ಬಗೆಯನ್ನು ಹತ್ತಿರದಿಂದ ನೋಡಬೇಕು: ಸೇವೆಗೆ ಸೇರಿದ ಸಾವಿರಾರು ಇನ್‌ಬಾಕ್ಸುಗಳು ಮನುಷ್ಯರ ಕೈ ತಾಗದೆ ಒಂದಕ್ಕೊಂದು ಪತ್ರ ಬರೆಯುತ್ತವೆ, ಯಂತ್ರ ಬರೆದ ಪತ್ರಕ್ಕೆ ಯಂತ್ರವೇ ಉತ್ತರ ಕೊಡುತ್ತದೆ, ಸ್ಪ್ಯಾಮ್ ಕಡತಕ್ಕೆ ಬಿದ್ದದ್ದನ್ನು ಯಂತ್ರವೇ ಹೊರಗೆಳೆದು, ಇದು ಮುಖ್ಯವಾದ ಪತ್ರ ಎಂಬ ಗುರುತು ಹಾಕುತ್ತದೆ. ಎರಡು ಮೂರು ವಾರ ಹೀಗೆ ನಡೆದ ಮೇಲೆ, ಈ ಡೊಮೇನಿನವರೊಡನೆ ಜನ ಬಯಸಿ ಮಾತನಾಡುತ್ತಾರೆ ಎಂಬ ತಪ್ಪು ತಿಳಿವಳಿಕೆ ಶೋಧಕಕ್ಕೆ ಬರಲಿ ಎಂಬುದು ಇದರ ಗುರಿ. ಇದಕ್ಕೆ ಕನ್ನಡದಲ್ಲಿ ಇರುವ ಹೆಸರು ಸುಳ್ಳು ಸಾಕ್ಷಿ. ಯಾರೂ ಆಡದ ಮಾತನ್ನು ಆಡಿದರೆಂದು ತೋರಿಸಿ ಪಡೆದ ಮರ್ಯಾದೆ, ನಿಜವಾದ ಓದುಗರು ನಾಲ್ಕು ಬಾರಿ ಸ್ಪ್ಯಾಮ್ ಗುಂಡಿ ಒತ್ತಿದೊಡನೆ ಕರಗುವಂಥದ್ದು. ಆದ್ದರಿಂದಲೇ ಈ ಪದ್ಧತಿಯಲ್ಲಿ ಡೊಮೇನುಗಳನ್ನು ಕೊಳ್ಳುವುದೂ ಎಸೆಯುವುದೂ ನಿಲ್ಲುವುದೇ ಇಲ್ಲ. ಸ್ವಂತ ಡೊಮೇನಿಗೆ ಈ ನಟನೆಯ ಅಗತ್ಯವಿಲ್ಲ. ಗ್ರಾಹಕರೊಡನೆ, ಬ್ಯಾಂಕಿನೊಡನೆ, ಕೆಲಸ ಕೇಳಿ ಬರೆದವರೊಡನೆ ದಿನವೂ ನಡೆಯುವ ನಿಜವಾದ ಪತ್ರವ್ಯವಹಾರವೇ ಅದರ ಪರ ಸಾಕ್ಷಿಯಾಗಿ ನಿಂತಿರುತ್ತದೆ.

ಓದುವವರ ಕಡೆಯಿಂದಲೂ ಈ ಪತ್ರವನ್ನು ನೋಡಬೇಕು. ಅಮೆರಿಕದ ಓಹಾಯೊ ರಾಜ್ಯದ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆಯೊಬ್ಬರು ಬೆಳಿಗ್ಗೆ ಇನ್‌ಬಾಕ್ಸ್ ತೆರೆದಾಗ, ಬಿಲ್ಲು ಪಾವತಿಯ ಸಾಫ್ಟ್‌ವೇರ್ ಕುರಿತು ಸಭ್ಯವಾದ ನಾಲ್ಕು ಸಾಲಿನ ಪತ್ರ ಬಂದಿದೆ ಎಂದುಕೊಳ್ಳೋಣ. ವಿಷಯ ಅವರಿಗೆ ಬೇಕಾದದ್ದೇ. ಕಂಪನಿ ಯಾವುದೆಂದು ಹುಡುಕುತ್ತಾರೆ. ಸಿಗುವ ತಾಣದ ಡೊಮೇನ್ ಒಂದು, ಪತ್ರ ಬಂದ ಡೊಮೇನ್ ಇನ್ನೊಂದು. ನೋಂದಣಿಯ ದಾಖಲೆ ನೋಡಿದರೆ ಪತ್ರದ ಡೊಮೇನಿಗೆ ಐದು ವಾರದ ವಯಸ್ಸು, ನೋಂದಾಯಿಸಿದವರ ಹೆಸರು ಮರೆಯಲ್ಲಿದೆ. ಹಣದ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಭದ್ರತಾ ತರಬೇತಿಯಲ್ಲಿ ಹೇಳಿಕೊಡುವ ಮೊದಲ ಪಾಠವೇ, ಗುರುತಿನ ಕಂಪನಿಯ ಹೆಸರನ್ನು ಹೋಲುವ ಆದರೆ ಅದೇ ಅಲ್ಲದ ವಿಳಾಸದಿಂದ ಬಂದ ಪತ್ರವನ್ನು ನಂಬಬೇಡಿ ಎಂಬುದು. ಅವರು ಕಲಿತ ಪಾಠವನ್ನು ಪಾಲಿಸಿ ಪತ್ರವನ್ನು ಅಳಿಸಿದರೆ ತಪ್ಪು ಅವರದಲ್ಲ. ಕೊಳ್ಳಬಹುದಾಗಿದ್ದ ಗಿರಾಕಿಯೊಬ್ಬರನ್ನು, ಅವರು ಎಚ್ಚರದ ಮನುಷ್ಯರೆಂಬ ಕಾರಣಕ್ಕೇ, ಕಂಪನಿ ಕೈಯಾರೆ ಕಳೆದುಕೊಂಡಿರುತ್ತದೆ.

ಅವರು ಅಳಿಸದೆ ನಂಬಿ ಉತ್ತರಿಸಿದರೆ ಆಗುವ ಕೇಡು ಇನ್ನೂ ದೊಡ್ಡದು. ಫಿಶಿಂಗ್ ಎಂದರೆ ನಂಬಿಗಸ್ತ ಸಂಸ್ಥೆಯ ಸೋಗು ಹಾಕಿ ಪಾಸ್‌ವರ್ಡನ್ನೋ ಹಣವನ್ನೋ ಲಪಟಾಯಿಸುವ ವಂಚನೆ. ಹೋಲಿಕೆಯ ಡೊಮೇನ್ ಅದರ ಮುಖ್ಯ ಹತಾರಗಳಲ್ಲೊಂದು. ಕಂಪನಿಯೇ ತನ್ನ ಹೆಸರಿನ ಹತ್ತು ಪಡಿಯಚ್ಚುಗಳನ್ನು ಬಳಕೆಗೆ ತಂದರೆ, ಹನ್ನೊಂದನೆಯದನ್ನು ವಂಚಕ ನೋಂದಾಯಿಸಿದಾಗ ಗ್ರಾಹಕರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ನಮ್ಮ ಹೆಸರಿನಲ್ಲಿ ಬೇರೆ ಡೊಮೇನಿನಿಂದ ಬರುವ ಪತ್ರಗಳನ್ನು ನಂಬಬೇಡಿ ಎಂಬ ಒಂದು ಸಾಲಿನ ಎಚ್ಚರಿಕೆಯನ್ನು ಪ್ರಕಟಿಸುವ ಹಕ್ಕನ್ನೂ ಆ ಕಂಪನಿ ಕಳೆದುಕೊಂಡಿರುತ್ತದೆ, ಏಕೆಂದರೆ ಆ ಎಚ್ಚರಿಕೆ ಅದರ ಮಾರಾಟ ವಿಭಾಗವನ್ನೇ ಆರೋಪಿಯಾಗಿಸುತ್ತದೆ. ಒಂದೇ ಕಂಪನಿಯ ಭದ್ರತಾ ವಿಭಾಗ ಜನರಿಗೆ ಕಲಿಸುವುದನ್ನು ಮಾರಾಟ ವಿಭಾಗ ಮರೆಸುತ್ತಿದ್ದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ.

ಬೇಡ ಎಂದವರ ಗತಿ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದಲ್ಲಿ 2003ರಲ್ಲಿ ಅಂಗೀಕಾರವಾಗಿ 2004ರ ಜನವರಿ 1ರಿಂದ ಜಾರಿಯಲ್ಲಿರುವ ಕ್ಯಾನ್-ಸ್ಪ್ಯಾಮ್ ಕಾಯ್ದೆ ಕಂಪನಿಗಳಿಂದ ಕಂಪನಿಗಳಿಗೆ ಹೋಗುವ ವಾಣಿಜ್ಯ ಇಮೇಲಿಗೂ ಅನ್ವಯಿಸುತ್ತದೆ. ಕಳಿಸಿದವರ ಗುರುತಿನ ಬಗ್ಗೆ ದಾರಿ ತಪ್ಪಿಸಬಾರದು, ಅಂಚೆ ವಿಳಾಸ ಕೊಡಬೇಕು, ಇನ್ನು ಬರೆಯಬೇಡಿ ಎಂದವರ ಕೋರಿಕೆಯನ್ನು 10 ಕೆಲಸದ ದಿನಗಳೊಳಗೆ ನಡೆಸಿಕೊಡಬೇಕು ಎಂಬವು ಅದರ ವಿಧಿಗಳು. ಹೋಲಿಕೆಯ ಡೊಮೇನನ್ನು ತನ್ನ ನಿಜ ಹೆಸರಿನಲ್ಲೇ ನೋಂದಾಯಿಸುವುದು ಆ ಕಾಯ್ದೆಯಡಿ ಅಪರಾಧವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಕಾಯ್ದೆ ಬೇಡವೆನ್ನುವ ಹಕ್ಕನ್ನು ಕೊಟ್ಟಿರುವುದು ಕಳಿಸುವ ಕಂಪನಿಯ ಎದುರಿಗೆ. ಒಂದು ಡೊಮೇನಿಗೆ ಬೇಡ ಎಂದವರಿಗೆ ಮರುವಾರ ಇನ್ನೊಂದರಿಂದ ಬರೆದರೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಹತ್ತು ಡೊಮೇನ್, ಮೂವತ್ತು ಇನ್‌ಬಾಕ್ಸುಗಳಲ್ಲಿ ಚದುರಿದ ನಿರಾಕರಣೆಗಳನ್ನು ಒಂದೆಡೆ ಸೇರಿಸಿ ಕಾಪಾಡುವುದಕ್ಕೆ ಬೇಕಾದ ಶಿಸ್ತು, ಹೊಣೆ ತಪ್ಪಿಸಿಕೊಳ್ಳಲೆಂದೇ ಕಟ್ಟಿದ ವ್ಯವಸ್ಥೆಯಲ್ಲಿ ಬೆಳೆಯುವುದು ಕಷ್ಟ. ಜರ್ಮನಿಯಲ್ಲಂತೂ ಮೊದಲೇ ಒಪ್ಪಿಗೆ ಪಡೆಯದೆ ವ್ಯಾಪಾರ ಸಂಸ್ಥೆಗಳಿಗೂ ಜಾಹೀರಾತಿನ ಇಮೇಲ್ ಕಳಿಸುವಂತಿಲ್ಲ. ಅಲ್ಲಿ ವಿಳಾಸ ಬದಲಿಸಿದ ಮಾತ್ರಕ್ಕೆ ನ್ಯಾಯ ಬದಲಾಗದು.

ಕರ್ನಾಟಕದ ಓದುಗರಿಗೆ ಈ ಪದ್ಧತಿಯ ರುಚಿ ತಿಳಿಯಲು ದೂರ ಹೋಗಬೇಕಿಲ್ಲ. ಸಾಲ ಬೇಕೇ, ಸೈಟು ಬೇಕೇ ಎಂದು ಕೇಳುವ ಕರೆಯ ನಂಬರನ್ನು ಬ್ಲಾಕ್ ಮಾಡಿದರೆ ಅದೇ ಕರೆ ಮರುದಿನ ಬೇರೆ ಹತ್ತಂಕಿಯ ನಂಬರಿನಿಂದ ಬರುವುದು ಎಲ್ಲರ ಅನುಭವ. ಭಾರತದಲ್ಲಿ ಟ್ರಾಯ್ ಸಂಸ್ಥೆ 2018ರ ನಿಯಮಾವಳಿಯ ಮೂಲಕ ವಾಣಿಜ್ಯ ಸಂದೇಶ ಕಳಿಸುವವರು ತಮ್ಮ ಗುರುತನ್ನು ನೋಂದಾಯಿಸಲೇಬೇಕೆಂದು ವಿಧಿಸಿದ್ದೂ, ನೋಂದಣಿಯಿಲ್ಲದೆ ಪ್ರಚಾರದ ಕರೆ ಮಾಡುವವರ ಎಲ್ಲ ಸಂಪರ್ಕಗಳನ್ನೂ ಕಡಿದುಹಾಕಬೇಕೆಂದು 2024ರ ಆಗಸ್ಟಿನಲ್ಲಿ ದೂರವಾಣಿ ಕಂಪನಿಗಳಿಗೆ ಆದೇಶಿಸಿದ್ದೂ ಈ ನಂಬರು ಬದಲಿಸುವ ಚಾಳಿಯನ್ನು ಮುರಿಯಲಿಕ್ಕೇ. ಊಟದ ಹೊತ್ತಿಗೆ ಬಂದ ಇಂಥ ಕರೆಗೆ ಸಿಡಿಮಿಡಿಗೊಳ್ಳುವ ಸ್ಟಾರ್ಟಪ್ ಸ್ಥಾಪಕರು, ಕಚೇರಿಗೆ ಮರಳಿ ಅದೇ ವಿದ್ಯೆಯನ್ನು ಡೊಮೇನುಗಳ ಮೇಲೆ ಪ್ರಯೋಗಿಸಿದರೆ ಅದು ಬೇರೆಯದಾಗುವುದಿಲ್ಲ. ಕರೆಯ ಬದಲು ಪತ್ರ, ನಂಬರಿನ ಬದಲು ಡೊಮೇನ್, ಉಳಿದದ್ದೆಲ್ಲ ಒಂದೇ.

ಇಷ್ಟಾದರೂ ಪೂರ್ವಪಕ್ಷದ ಗಟ್ಟಿಯಾದ ಆಕ್ಷೇಪವೊಂದು ಉಳಿದಿದೆ: ಬಿಲ್ಲುಗಳೂ ಪಾಸ್‌ವರ್ಡ್ ಪತ್ರಗಳೂ ಸ್ಪ್ಯಾಮ್ ಕಡತಕ್ಕೆ ಬಿದ್ದರೆ ಕಂಪನಿಯೇ ಮುಳುಗುವುದಿಲ್ಲವೇ? ಆ ಭಯ ನಿಜವಾದದ್ದು, ಮದ್ದು ಮಾತ್ರ ತಪ್ಪು. ಕೆಲಸಕ್ಕೆ ತಕ್ಕಂತೆ ಪತ್ರಗಳನ್ನು ಬೇರ್ಪಡಿಸಲು ಸಬ್‌ಡೊಮೇನ್ ಎಂಬ ನೇರವಾದ ಸಾಧನವಿದೆ, ‘ಬಿಲ್.ಹೆಸರು.ಕಾಮ್’ ಎಂಬಂತೆ ಮೂಲ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿದ ವಿಳಾಸ ಅದು. ಮನೆಗೆ ಇನ್ನೊಂದು ಬಾಗಿಲು ಇಟ್ಟಂತೆ ಇದು. ಮನೆಯ ಹೆಸರು ಫಲಕದ ಮೇಲೆ ಹಾಗೇ ಇರುತ್ತದೆ. ಯಂತ್ರ ಕಳಿಸುವ ಪತ್ರಗಳನ್ನು ಸಬ್‌ಡೊಮೇನಿಗೆ ಒಯ್ದು, ಮನುಷ್ಯರು ಬರೆಯುವುದನ್ನು ಮೂಲ ಡೊಮೇನಿನಲ್ಲಿ ಉಳಿಸಿಕೊಂಡರೆ ಅಪಾಯ ತಗ್ಗುತ್ತದೆ, ಒಡೆತನವೂ ಕಣ್ಣಿಗೆ ಕಾಣುತ್ತದೆ. ಸಬ್‌ಡೊಮೇನಿನ ದುರ್ನಡತೆ ಮೂಲ ಹೆಸರಿಗೂ ಸ್ವಲ್ಪ ತಾಗುತ್ತದೆ ಎಂಬ ದೂರು ಸರಿಯೇ, ತಾಗಲೇಬೇಕು. ಮನೆಯವರು ಮಾಡಿದ್ದಕ್ಕೆ ಮನೆ ಉತ್ತರಿಸುವುದು ವ್ಯವಸ್ಥೆಯ ಕೊರತೆಯಲ್ಲ.

ಈ ಆಕ್ಷೇಪದ ಒಳಗೆ ಒಂದು ತಪ್ಪೊಪ್ಪಿಗೆಯೂ ಅಡಗಿದೆ. ಗೂಗಲ್ ಮತ್ತು ಯಾಹೂ 2023ರ ಅಕ್ಟೋಬರಿನಲ್ಲಿ ಪ್ರಕಟಿಸಿ 2024ರ ಫೆಬ್ರುವರಿಯಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3ನ್ನು ಮುಟ್ಟಬಾರದು, ಶೇ. 0.1ಕ್ಕಿಂತ ಕೆಳಗಿರಲಿ ಎಂಬುದು ಗೂಗಲ್ ಸಲಹೆ. ಅಂದರೆ ಸಾವಿರ ಪತ್ರಕ್ಕೆ ಮೂವರು ದೂರಿದರೂ ಅದು ಗೆರೆಯ ಮೇಲೆ ನಿಂತಂತೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ದಷ್ಟು ಪತ್ರ ಕಳಿಸುವವರಿಗೆ ಇನ್ನೂ ಬಿಗಿಯಾದ ವಿಧಿಗಳಿವೆ, ಆ ಎಣಿಕೆ ನಡೆಯುವುದು ಸಬ್‌ಡೊಮೇನುಗಳನ್ನೂ ಒಳಗೊಂಡ ಮೂಲ ಡೊಮೇನಿನ ಲೆಕ್ಕದಲ್ಲಿ. ಡೊಮೇನುಗಳನ್ನು ಹತ್ತಾಗಿ ಒಡೆಯುವವರು ಈ ಎಣಿಕೆಯನ್ನು ಒಡೆಯುತ್ತಿದ್ದಾರೆ. ತನ್ನ ಪತ್ರಗಳು ಸಾವಿರಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ಕೆರಳಿಸುತ್ತವೆ ಎಂದು ಮೊದಲೇ ಬಲ್ಲ ಕಂಪನಿಗೆ ಮಾತ್ರ ಎಸೆಯಬಹುದಾದ ವಿಳಾಸ ಬೇಕಾಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ವಿಳಾಸವನ್ನು ಮರೆಮಾಡುವ ಅವಸರವೇ ಪತ್ರದ ಗುಣವನ್ನು ಹೇಳಿಬಿಡುತ್ತದೆ. ದೂರು ಹುಟ್ಟುವುದು ಓದುಗರ ಬೆರಳಿನಲ್ಲಿ. ತಮಗೆ ಸಂಬಂಧವಿಲ್ಲದ್ದನ್ನು ತಮ್ಮ ಬಗ್ಗೆ ಏನೂ ತಿಳಿಯದವರು ಕಳಿಸಿದಾಗ ಆ ಬೆರಳು ಆಡುತ್ತದೆ, ಡೊಮೇನ್ ಯಾವುದಾದರೂ ಸರಿ.

ದಿನಕ್ಕೆ 900 ಪತ್ರ ಕಳಿಸದಿದ್ದರೆ ಸಣ್ಣ ಕಂಪನಿ ಬದುಕುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಹೊಸ ಕಂಪನಿಗೆ ಮೊದಲು ಬೇಕಾದದ್ದು ಹತ್ತಿಪ್ಪತ್ತು ಗಿರಾಕಿಗಳು. ಅವರನ್ನು ಹುಡುಕಲು ಒಬ್ಬರು ದಿನಕ್ಕೆ ಹದಿನೈದು ಸಂಸ್ಥೆಗಳ ಬಗ್ಗೆ ಓದಿ, ಪ್ರತಿಯೊಂದಕ್ಕೂ ಅದರದೇ ತೊಂದರೆಯನ್ನು ಹೆಸರಿಸಿ ಬರೆದರೆ, ತಿಂಗಳ 22 ಕೆಲಸದ ದಿನಗಳಲ್ಲಿ 330 ಪತ್ರಗಳಾಗುತ್ತವೆ. ಇವು ನಿಯಮಗಳ ಯಾವ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಬರುವ ಉತ್ತರಗಳು ಡೊಮೇನಿನ ಮರ್ಯಾದೆಯನ್ನು ಬೆಳೆಸುತ್ತವೆ. ಬೇಡ ಎಂಬ ಉತ್ತರವೂ ಇಲ್ಲಿ ಲಾಭವೇ, ಏಕೆ ಬೇಡ ಎಂಬುದನ್ನು ತಿಳಿಸಿದ ಒಂದು ಸಾಲು ಸರಕನ್ನು ತಿದ್ದಲು ನೆರವಾಗುತ್ತದೆ. 900 ಪತ್ರಗಳ ಯಂತ್ರ ಆ ಸಾಲನ್ನು ತಂದುಕೊಟ್ಟರೂ ಅದನ್ನು ಓದುವ ವ್ಯವಧಾನ ಯಾರಿಗೂ ಉಳಿದಿರುವುದಿಲ್ಲ.

ಹಾಗಾದರೆ ಆರಿಸಬೇಕಾದ ವಿಳಾಸ ಯಾವುದು ಎಂಬುದಕ್ಕೆ ಉತ್ತರ ಸರಳವಾಗಿದೆ. ‘ಇನ್ಫೋ’, ‘ಸೇಲ್ಸ್’ ಎಂಬ ಹುದ್ದೆಯ ವಿಳಾಸಗಳು ಬರುವ ಪತ್ರಗಳನ್ನು ಸ್ವೀಕರಿಸಲು ತಕ್ಕವು. ಅಪರಿಚಿತರಿಗೆ ಬರೆಯುವಾಗ ಅವುಗಳ ಹಿಂದೆ ಮನುಷ್ಯರು ಕಾಣುವುದಿಲ್ಲ. ‘ನೋ-ರಿಪ್ಲೈ’ ಎಂಬ ವಿಳಾಸದಿಂದ ಮೊದಲ ಪತ್ರ ಬರೆಯುವುದು ಮಾತು ಆರಂಭಿಸಿ ಕಿವಿ ಮುಚ್ಚಿಕೊಂಡಂತೆ. ಸ್ಥಾಪಕರ ಖಾಸಗಿ ಜಿಮೇಲ್ ಪ್ರಾಮಾಣಿಕವಾದದ್ದೇ, ಆದರೆ ಕಂಪನಿಗೆ ಡೊಮೇನ್ ಬರುವ ತನಕ ಮಾತ್ರ. ಆಮೇಲೆ ಉಳಿಯುವುದು ಬರೆಯುವವರ ನಿಜವಾದ ಹೆಸರೂ ಕಂಪನಿಯ ಮೂಲ ಡೊಮೇನೂ ಕೂಡಿದ ವಿಳಾಸ. ಅದರ ಹಿಂದೆ ಮೂರು ದೃಢೀಕರಣಗಳು ಸರಿಯಾಗಿರಬೇಕು, ಕೆಳಗೆ ಅಂಚೆ ವಿಳಾಸವಿರಬೇಕು, ಬೇಡ ಎಂದವರ ಹೆಸರು ಒಂದೇ ಪಟ್ಟಿಯಲ್ಲಿ ಉಳಿಯಬೇಕು.

ಕೊನೆಯದಾಗಿ, ಪತ್ರಕ್ಕೆ ಕಳಿಸಿದ ದಿನದಾಚೆಗೂ ಆಯುಸ್ಸಿದೆ ಎಂಬುದನ್ನು ಪ್ರಚಲಿತ ಮತ ಎಣಿಸಿಯೇ ಇಲ್ಲ. ಇಂದು ಬೇಡವೆನಿಸಿದ್ದು ಮುಂದಿನ ಬಜೆಟ್ ಬರೆಯುವ ಹೊತ್ತಿಗೆ ಬೇಕೆನಿಸಬಹುದು. ಓಹಾಯೊದ ಆ ಮುಖ್ಯಸ್ಥೆ ಹದಿನಾಲ್ಕು ತಿಂಗಳ ಮೇಲೆ ಹಳೆಯ ಪತ್ರವನ್ನು ಹುಡುಕಿ ತೆಗೆದು ‘ಈಗ ಮಾತನಾಡಬಹುದು’ ಎಂದು ಉತ್ತರಿಸಬಹುದು. ಎಸೆಯಲೆಂದೇ ಕೊಂಡಿದ್ದ ಡೊಮೇನನ್ನು ವರ್ಷ ತುಂಬಿದ ಮೇಲೆ ಯಾರೂ ನವೀಕರಿಸಿರುವುದಿಲ್ಲ. ಆಗ ಅವರ ಉತ್ತರ ತಲುಪದೆ ಹಿಂದಿರುಗುತ್ತದೆ; ಇಲ್ಲವೇ ಆ ಬಿಡುವಾದ ಹೆಸರನ್ನು ಕೊಂಡುಕೊಂಡ ಅಪರಿಚಿತರ ಕೈಗೆ, ಆ ಕಂಪನಿಯದೆಂಬ ನಂಬಿಕೆಯೊಡನೆಯೇ, ಹೋಗಿ ಸೇರುತ್ತದೆ. ಮೂಲ ಡೊಮೇನಿನಿಂದ ಹೋದ ಪತ್ರಕ್ಕಾದರೆ, ಬರೆದವರು ಕೆಲಸ ಬಿಟ್ಟುಹೋಗಿದ್ದರೂ, ಅವರ ವಿಳಾಸಕ್ಕೆ ಬಂದದ್ದನ್ನು ತೆರೆದು ಉತ್ತರಿಸಲು ಆ ಮನೆಯಲ್ಲಿ ಯಾರಾದರೂ ಇರುತ್ತಾರೆ.